ಉಸಿರಿನವರೆಗೆ ನಾನು

ಗೋಡೆಯಿಂದ ಎಷ್ಟು ದೂರ ಇಡಬೇಕೆಂಬುದೇ ಇನ್ನೂ ಇತ್ಯರ್ಥವಾಗಿರಲಿಲ್ಲ. ಒಂದು ಗೇಣು ಮುಂದೆ ಎಳೆದರೆ ತಗ್ಗಿನ ಸ್ವರಗಳು ಸೊರಗುತ್ತಿದ್ದವು. ಒಂದು ಗೇಣು ಹಿಂದೆ ತಳ್ಳಿದರೆ ಮೂಲೆಯಲ್ಲಿ ಯಾರೋ ಖಾಲಿ ಡ್ರಮ್ಮಿನೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಗುಂಯ್ ಎನ್ನುತ್ತಿತ್ತು. ಎಡದ ಸ್ಪೀಕರಿನಿಂದ ಬಲದ ಸ್ಪೀಕರಿಗೆ ಎಷ್ಟು ದೂರವೋ, ಎರಡರಿಂದಲೂ ತಲೆಗೆ ಅಷ್ಟೇ ದೂರ ಇರಬೇಕು. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಟೇಪು ತಂದು ಅಳೆದಿದ್ದ. ಕುರ್ಚಿಯ ನಾಲ್ಕು ಕಾಲಿಗೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ. ಗುಡಿಸಲು ಬಂದವಳು ಪೊರಕೆ ಹಿಡಿದು ಬಾಗಿಲಲ್ಲೇ ನಿಂತು ನಕ್ಕಿದ್ದಳು. "ಏನ್ರೀ ಇದು, ಕೊಲೆ ಆದ ಜಾಗದಲ್ಲಿ ಪೊಲೀಸ್ನೋರು ಗೀಚ್ತಾರಲ್ಲ, ಹಂಗೆ?" ಅಳಿಸಬೇಡ ಮಾರಾಯ್ತಿ ಎಂದು ಕೈಮುಗಿದಿದ್ದ. ಹದಿಮೂರು ದಿನದಿಂದ ಆ ಗುರುತಿನ ಸುತ್ತ ಮಾತ್ರ ಧೂಳು ಉಳಿದಿತ್ತು. ಹೊಸ ಸ್ಪೀಕರು ಅಂದರೆ ಹೊಸ ಸಂಬಂಧಿಕರ ಹಾಗೆ, ತಂದ ದಿನವೇ ನಂಬುವುದಲ್ಲ. ಮೊದಲು ಅವು ಹೇಗೆ ಮಾತಾಡುತ್ತವೆಂದು ಕಲಿಯಬೇಕು, ಆಮೇಲೆ ಅವುಗಳ ಮಾತು ಕೇಳಿ ಕೆಲಸ ಮಾಡಬೇಕು. ಅದಕ್ಕೆ ದಾರಿ ಒಂದೇ. ನಿನಗೆ ಬಾಯಿಪಾಠ ಇರುವ ಹಾಡನ್ನು ಹಾಕು, ದಿನಾ ಹಾಕು, ಇದರಲ್ಲಿ ಹೇಗೆ ಕೇಳುತ್ತದೆ ನೋಡು. ಹಾಡು ಬದಲಾಗುವುದಿಲ್ಲ, ಆದ್ದರಿಂದ ಬದಲಾದದ್ದೆಲ್ಲ ಸ್ಪೀಕರಿನದು. ಇಷ್ಟು ಸರಳ. ಈ ಸರಳ ಲೆಕ್ಕ ಹಾಕಿದವನ ಬಾಯಿಗೆ ಮಣ್ಣು ಹಾಕ ಎಂದು ಅವನಿಗೆ ಆ ಶನಿವಾರ ಮಧ್ಯಾಹ್ನ ಅನ್ನಿಸಿತು.

ಕೊಂಡದ್ದೇ ಒಂದು ಅವಮಾನದಿಂದ. ಅವನ ಹೊಟ್ಟೆಪಾಡಿನ ಕೆಲಸ ಕಿವಿ ಆಸ್ಪತ್ರೆಯಲ್ಲಿ. ಗಾಜಿನ ಗೂಡಿನೊಳಗೆ ಜನರನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಶಬ್ದ ಕೊಟ್ಟು, ಯಾರಿಗೆ ಎಷ್ಟು ಕೇಳುತ್ತದೆಂದು ಕಾಗದದ ಮೇಲೆ ಗುರುತು ಮಾಡುವುದು. ಮಿಕ್ಸಿಂಗು ರಜೆಯ ದಿನದ್ದು, ಮನೆಯ ಹಿಂದಿನ ಕೋಣೆಯದು. ಯಾರೋ ಹಾಡಿದ್ದನ್ನು, ಯಾರೋ ಬಾರಿಸಿದ್ದನ್ನು ತಂದುಕೊಡುತ್ತಾರೆ, ಅವನು ಒಂದರ ಪಕ್ಕ ಒಂದನ್ನು ಹೊಂದಿಸಿ, ಏರಿಸಿ ಇಳಿಸಿ, ಒಂದು ಹಾಡು ಮಾಡಿ ಕೊಡುತ್ತಾನೆ. ಆಸ್ಪತ್ರೆಯ ವಾರ್ಷಿಕ ಸಭೆಗೆ ನರ್ಸುಗಳು ಹಾಡಿದ ಹಾಡನ್ನು ಹಾಗೆ ಮಾಡಿಕೊಟ್ಟಿದ್ದ. ಮನೆಯ ಹಳೇ ಸ್ಪೀಕರಿನಲ್ಲಿ ಅದು ಗಂಭೀರವಾಗಿ, ಎದೆ ತುಂಬುವ ಹಾಗೆ ಕೇಳಿತ್ತು. ಸಭಾಂಗಣದಲ್ಲಿ ತಗಡಿನ ಡಬ್ಬಿಯೊಳಗೆ ಹನ್ನೆರಡು ಜನ ಸೇರಿ ಹಾಡಿದಂತೆ ಕೇಳಿತು. ಹಳೇ ಸ್ಪೀಕರು ಇಲ್ಲದ ಗಾಂಭೀರ್ಯವನ್ನು ತಾನೇ ಸೇರಿಸಿ ಅವನಿಗೆ ಕೇಳಿಸುತ್ತಿತ್ತು, ಅವನು ಅದನ್ನು ನಂಬಿ ಇದ್ದಬದ್ದ ಗಾಂಭೀರ್ಯವನ್ನೂ ಇಳಿಸಿಬಿಟ್ಟಿದ್ದ. ದೊಡ್ಡ ಡಾಕ್ಟರು ಮೈಕಿನಲ್ಲೇ, "ನಮ್ಮ ಕಿವಿ ಪರೀಕ್ಷೆಯೋರು ಮೊದಲು ತಮ್ಮದು ಪರೀಕ್ಷೆ ಮಾಡಿಸ್ಕೋಬೇಕು," ಅಂದರು. ಇಡೀ ಸಭೆ ನಕ್ಕಿತು. ಅವನೂ ನಕ್ಕ. ನಗುವಾಗ ಎರಡು ಕಿವಿಯೂ ಬಿಸಿಯಾಗಿದ್ದು ನೆನಪಿದೆ. ಮರುದಿನವೇ ಬಾವನಿಗೆ ಫೋನ್ ಮಾಡಿ ಯಾವ ಸ್ಪೀಕರ್ ತಗೊಳ್ಳಲಿ ಎಂದು ಕೇಳಿದ. ಅಕ್ಕನ ಗಂಡ, ಶಬ್ದದ ವಿಷಯದಲ್ಲಿ ಅವನಿಗೆ ಅಕ್ಷರಾಭ್ಯಾಸ ಮಾಡಿಸಿದವರೇ ಅವರು.

ಬಾವ ಅವತ್ತು ವಿಚಿತ್ರವಾಗಿ ಮಾತಾಡಿದ್ದರು. ಈಗ ಯೋಚಿಸಿದರೆ ವಿಚಿತ್ರ. ಆವಾಗ ಕಾಳಜಿ ಅನ್ನಿಸಿತ್ತು. "ಸ್ಟುಡಿಯೋ ಮಾನಿಟರ್ ಎಲ್ಲಾ ಯಾಕೋ ಮನೆಗೆ? ಕಿವಿ ಸುಸ್ತಾಗುತ್ತೆ. ಹಾಡು ಕೇಳಿದ ಸುಖಾನೇ ಇರಲ್ಲ. ಒಂದು ಒಳ್ಳೇ ಬಾಸ್ ಇರೋದು ತಗೊ, ಸಾಕು." ಮಿಕ್ಸಿಂಗಿಗೆ ಬೇಕಲ್ಲ ಬಾವ, ನಿಜ ಹೇಳೋದು ಬೇಕಲ್ಲ ಅಂದಾಗ, "ನಿಜ ಕಟ್ಕೊಂಡು ಏನ್ ಮಾಡ್ತೀಯ," ಎಂದು ನಕ್ಕು ಅಕ್ಕನ ಕೈಗೆ ಫೋನ್ ಕೊಟ್ಟಿದ್ದರು. ಅಂಗಡಿಯ ಕೇಳುವ ಕೋಣೆಯಲ್ಲಿ ಮೂರು ಜೊತೆ ಇದ್ದವು. ಸೇಲ್ಸ್‌ನವನು ತನ್ನದೇ ಒಂದು ಹಾಡು ಹಾಕಿ ಎದೆ ನಡುಗಿಸಲು ನೋಡಿದ. ಇವನು ಜೇಬಿನಿಂದ ಪೆನ್‌ಡ್ರೈವ್ ತೆಗೆದು ಇದು ಹಾಕಿ ಎಂದ. ಮೊದಲ ಜೊತೆಯಲ್ಲಿ ಅವನ ಹಾಡು ಅರಮನೆ. ಎರಡನೆಯದರಲ್ಲಿ ಹೊಳೆಯುವ ಗಾಜು. ಮೂರನೆಯದರಲ್ಲಿ ಬಡವಾಗಿ, ಚಿಕ್ಕದಾಗಿ, ಹಜಾರದಲ್ಲಿ ಕಂಬಳಿ ಕಟ್ಟಿ ಹಾಡಿದ ಹಾಡಾಗಿ ಕೇಳಿತು. ನಿಜಕ್ಕೂ ಅದು ಹಜಾರದಲ್ಲಿ ಕಂಬಳಿ ಕಟ್ಟಿ ಹಾಡಿದ ಹಾಡೇ. "ಸಾರ್, ಇದು ಮುಖಸ್ತುತಿ ಮಾಡಲ್ಲ," ಎಂದ ಸೇಲ್ಸ್‌ನವನು, ಮಾರುವ ಆಸೆಯಿಲ್ಲದವನ ಹಾಗೆ. ಆ ಮಾತಿಗೇ ಅವನು ಸೋತ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಹೆಂಡತಿ ಅಂದೇ ಅನ್ನುತ್ತಾಳೆ ಎಂದು ಗೊತ್ತಿತ್ತು, ಅಂದಳು ಕೂಡ. "ಮಾನಿಟರ್ ಅಂತೀರಿ, ಪರದೇನೇ ಇಲ್ಲ. ಇದರಲ್ಲಿ ಏನು ಕಾಣ್ಸುತ್ತೆ?"

ಹಾಡು ಅಕ್ಕನದು. ಅಕ್ಕ ತಾನೇ ಕಟ್ಟಿ ತಾನೇ ಹಾಡಿದ್ದು, ಇಪ್ಪತ್ತೆಂಟು ವರ್ಷದ ಹಿಂದೆ. ಅವಳಿಗೆ ಇಪ್ಪತ್ತೆರಡು, ಅವನಿಗೆ ಹದಿನಾಲ್ಕು. ಬಾವ ಆಗಿನ್ನೂ ಬಾವ ಆಗಿರಲಿಲ್ಲ, ಎಲ್ಲಿಂದಲೋ ಒಂದು ದೊಡ್ಡ ಟೇಪ್ ಮಷಿನ್ನು ಹೊತ್ತು ತಂದು ಹಜಾರದಲ್ಲಿಟ್ಟು, ಅದಕ್ಕಿಂತ ಹೆಚ್ಚಾಗಿ ಅಕ್ಕನ ಮುಖ ನೋಡುತ್ತಿದ್ದ ಉದ್ದ ಕಾಲಿನ ಮನುಷ್ಯ. ಹಾಡಿನ ಎರಡನೇ ಚರಣದಲ್ಲಿ ಎಲ್ಲವೂ ನಿಲ್ಲುತ್ತದೆ. ಅಕ್ಕ ನಿಲ್ಲುತ್ತಾಳೆ, ಕೊಳಲು ನಿಲ್ಲುತ್ತದೆ. ಆ ಮೌನದಲ್ಲಿ ಒಂದು ಉಸಿರು, ನೀರಿಗೆ ಧುಮುಕುವ ಮುಂಚೆ ಎಳೆದುಕೊಂಡ ಹಾಗೆ. ಆಮೇಲೆ ಎರಡನೇ ದನಿ, ಒಂಟಿಯಾಗಿ, ಒಂದೇ ಒಂದು ಸಾಲು. ಆಮೇಲೆ ಮತ್ತೆ ಎಲ್ಲರೂ. ಆ ಒಂದು ಸಾಲು ಅವನದು. ಅದಾದ ಎರಡೇ ತಿಂಗಳಿಗೆ ಅವನ ಗಂಟಲು ಒಡೆಯಿತು, ಕಪ್ಪೆ ಕೂತ ಹಾಗಾಯಿತು, ಕೊನೆಗೆ ಈಗಿರುವ ಈ ಸಾಧಾರಣ ಗಂಡಸಿನ ದನಿಯಾಗಿ ಗಟ್ಟಿಯಾಯಿತು. ಆಮೇಲೆ ಹಾಡಲಿಲ್ಲ. ಹಾಡಬೇಕಾದ್ದನ್ನು ಹಾಡಿ ಆಗಿದೆ ಎಂಬ ಒಂದು ಸಮಾಧಾನ ಇತ್ತು. ಚೆನ್ನಾಗಿ ಹಾಡುತ್ತಿದ್ದ ಹುಡುಗ ಎಲ್ಲಿಗೂ ಹೋಗಿಲ್ಲ, ಟೇಪಿನಲ್ಲಿ ಇದ್ದಾನೆ, ಬೇಕಾದಾಗ ಹಾಕಿ ಕೇಳಬಹುದು. ಪರೀಕ್ಷೆಯಲ್ಲಿ ಫೇಲಾದಾಗ ಕೇಳಿದ್ದ, ಕೆಲಸ ಸಿಗದ ಎರಡು ವರ್ಷ ಕೇಳಿದ್ದ, ಹೆಣ್ಣು ನೋಡಲು ಹೋದಲ್ಲಿ ಅಕ್ಕ ಕ್ಯಾಸೆಟ್ಟು ಹಾಕಿ, "ಇದು ಇವನು ಚಿಕ್ಕವನಿದ್ದಾಗ," ಅಂದಿದ್ದಳು. ನಿಮ್ಮ ಮುಖ ನೋಡಿ ಒಪ್ಪಿದ್ದಲ್ಲ, ಆ ಒಂದು ಸಾಲಿಗೆ ಒಪ್ಪಿದ್ದು ಎಂದು ಹೆಂಡತಿ ಈಗಲೂ ಕೆಣಕುತ್ತಾಳೆ.

ಅಮ್ಮನಂತೂ ಮನೆಗೆ ಯಾರು ಬಂದರೂ ಬಿಡುತ್ತಿರಲಿಲ್ಲ. ಗ್ಯಾಸ್ ತರುವವನಿಗೂ ಕೇಳಿಸಿದ್ದಳು. ಹಾಡು ಎರಡನೇ ಚರಣಕ್ಕೆ ಬಂದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ನಿಂತು, "ಶ್! ಈಗ. ಈಗ ಕೇಳಿ. ನನ್ನ ಮಗ," ಅನ್ನುವಳು. ಉಸಿರು ಬರುವುದು. ಅಷ್ಟು ಹೇಳಿದವಳು ಸಾಲು ಶುರುವಾಗುವ ಹೊತ್ತಿಗೇ, "ಇನ್ನೊಂದು ಲೋಟ ಟೀ ಹಾಕ್ಲಾ? ಸಕ್ಕರೆ ಸಾಕಾ?" ಎಂದು ಜೋರಾಗಿ ಮಾತು ಶುರು ಮಾಡಿಬಿಡುವಳು. ಪ್ರತಿ ಸಲವೂ. ಅವನಿಗೆ ಮೈ ಉರಿದುಹೋಗುತ್ತಿತ್ತು. "ಸುಮ್ನಿರಮ್ಮ, ಕೇಳೋಕೆ ಬಿಡು!" ಎಂದು ಬಂದವರ ಎದುರೇ ರೇಗುತ್ತಿದ್ದ. ಅಮ್ಮ ಸಪ್ಪೆಯಾಗಿ ಒಳಗೆ ಹೋಗುವಳು. ಅವಳು ಹೋಗಿ ಮೂರು ವರ್ಷ. ಅವಳು ಹೋದ ವರ್ಷ ಬಾವ ಮೂಲ ಟೇಪನ್ನು ಹುಡುಕಿ ತೆಗೆದು, ಅದರಿಂದಲೇ ಒಂದು ಶುದ್ಧ ನಕಲು ಮಾಡಿ ಅವನಿಗೆ ಕೊಟ್ಟಿದ್ದರು, ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದಿಲ್ಲದ ನಕಲು. ಅದನ್ನೇ ಪೆನ್‌ಡ್ರೈವಿನಲ್ಲಿ ಅಂಗಡಿಗೆ ಒಯ್ದದ್ದು, ಅದನ್ನೇ ಹದಿಮೂರು ದಿನದಿಂದ ಹಾಕುತ್ತಿದ್ದದ್ದು.

ಆ ಶನಿವಾರ ಕುರ್ಚಿಯನ್ನು ಗುರುತಿನಿಂದ ನಾಲ್ಕು ಬೆರಳು ಮುಂದೆ ಎಳೆದುಕೊಂಡು ಕೂತ. ಎರಡನೇ ಚರಣ ಬಂತು. ಉಸಿರು. ಆಮೇಲೆ ಟಿಕ್ ಎಂದಿತು. ಸಾಲಿನ ಹಿಂದೆ, ಬಲಗಡೆ, ದೂರದಲ್ಲಿ. ಟಿಕ್, ಟಿಕ್‌ಟಿಕ್. ಟಿಕ್, ಟಿಕ್‌ಟಿಕ್. ಗೋಡೆಯ ಗಡಿಯಾರ ಎಂದುಕೊಂಡು ಎದ್ದು ಅದನ್ನು ಇಳಿಸಿ ಬ್ಯಾಟರಿ ತೆಗೆದ. ಮತ್ತೆ ಹಾಕಿದ. ಟಿಕ್. ಕೈಗಡಿಯಾರ ಬಿಚ್ಚಿ ಪಕ್ಕದ ಕೋಣೆಯ ದಿಂಬಿನ ಕೆಳಗಿಟ್ಟು ಬಂದ. ಟಿಕ್. ಫ್ಯಾನು ನಿಲ್ಲಿಸಿದ, ಫ್ರಿಜ್ಜಿನ ಪ್ಲಗ್ಗು ಕಿತ್ತ. "ಟೈಮ್ ಎಷ್ಟಾಯ್ತು ಅಂತ ನೋಡೋಕೂ ಬಿಡಲ್ವಾ ಈ ಮನೇಲಿ? ಹಾಲು ಒಡೆದ್ರೆ ನೀವೇ ಕುಡೀಬೇಕು," ಎಂದು ಹೆಂಡತಿ ಕೂಗಿದಳು. ಮತ್ತೆ ಹಾಕಿದ. ಅಕ್ಕನ ಸಾಲುಗಳಲ್ಲಿ ಇಲ್ಲ. ಕೊಳಲಿನ ಹಿಂದೆ ಇಲ್ಲ. ಮೌನದಲ್ಲಿ ಇಲ್ಲ. ಉಸಿರಿನಲ್ಲಿ ಇಲ್ಲ. ಉಸಿರು ಮುಗಿದು ದನಿ ಶುರುವಾದ ಕ್ಷಣದಿಂದ ಇದೆ, ಒಂದು ಸಾಲು ಮುಗಿಯುವವರೆಗೆ. ಒಂದು ಭಾರ, ಎರಡು ಹಗುರ, ಕುಂಟುವ ಗಡಿಯಾರ. ಹೊರಗಿನವನಾಗಿದ್ದರೆ ಇದೇನೋ ಟೇಪಿನ ದೋಷ ಅನ್ನಬಹುದಿತ್ತು. ಅವನು ಹದಿನೆಂಟು ವರ್ಷ ಹಳೇ ಮನೆಯ ಹಜಾರದಲ್ಲಿ ಆ ಗಡಿಯಾರದ ಕೆಳಗೆ ಮಲಗಿದವನು. ಅಪ್ಪ ಒಂದು ಸಲ ಅದನ್ನು ಬಿಚ್ಚಿ ರಿಪೇರಿ ಮಾಡಿದ ಮೇಲೆ ಅದು ಕುಂಟಲು ಶುರು ಮಾಡಿದ್ದು, ಅಪ್ಪನ ಜೀವಮಾನದಲ್ಲಿ ಯಾರೂ ಆ ಮಾತು ಎತ್ತುವಂತಿರಲಿಲ್ಲ.

ರೆಕಾರ್ಡಿಂಗಿನ ದಿನ ಗಡಿಯಾರ ತೆಗೆಯುವುದು ಅವನ ಜವಾಬ್ದಾರಿ. ಯಾರೂ ಹೇಳಿದ್ದಲ್ಲ, ಅವನಾಗಿಯೇ ಕಂಡುಹಿಡಿದದ್ದು. ಬಾವ ಹೆಡ್‌ಫೋನ್ ಹಾಕಿಕೊಂಡು ಏನೋ ಕಿಟಿಕಿಟಿ ಅಂತಿದೆಯಲ್ಲ ಎಂದು ಮುಖ ಕಿವುಚಿದಾಗ, ಗಡಿಯಾರ ಅಲ್ವಾ ಎಂದವನು ಅವನು. ಬಾವ ಅವನ ಬೆನ್ನು ತಟ್ಟಿ, "ನಿಂಗೆ ಒಳ್ಳೇ ಕಿವಿ ಇದೆ ಕಣೋ," ಅಂದಿದ್ದರು. ಇವತ್ತಿನವರೆಗೂ ಅವನು ಬದುಕಿದ್ದು ಆ ಒಂದು ಮಾತಿನ ಮೇಲೆ, ಆಸ್ಪತ್ರೆ ಸೇರಿದ್ದೂ ಅದರಿಂದಲೇ. ಸ್ಟೂಲು ಹತ್ತಿ ಗಡಿಯಾರ ಇಳಿಸಿ, ಟವೆಲ್ಲಿನಲ್ಲಿ ಸುತ್ತಿ, ಬಟ್ಟೆ ಬೀರುವಿನಲ್ಲಿ ಅಮ್ಮನ ಸೀರೆಗಳ ನಡುವೆ ಇಟ್ಟು ಬಂದಿದ್ದ, ಮಗು ಮಲಗಿಸಿದ ಹಾಗೆ. ಸಂಜೆ ಎಲ್ಲ ಮುಗಿದ ಮೇಲೆ ಅವನೇ ಮತ್ತೆ ಮೊಳೆಗೆ ನೇತುಹಾಕಿದ್ದ. ಅವನು ಹಾಡಿದ್ದು ಅದೊಂದೇ ದಿನ. ಅಂದರೆ ಆ ಸಾಲು ಅವತ್ತಿನದಲ್ಲ. ಮತ್ತೊಂದು ದಿನದ್ದು, ಅವನು ಸ್ಕೂಲಿನಲ್ಲಿ ಕೂತಿದ್ದ ಒಂದು ದಿನ, ಯಾರೋ ಅದೇ ಮೈಕಿನ ಮುಂದೆ ನಿಂತು ಹಾಡಿದ್ದು. ಅವನಿಲ್ಲದ ದಿನ ಗಡಿಯಾರ ತೆಗೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಎದ್ದು ನೀರು ಕುಡಿದ. ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತ. ಇಪ್ಪತ್ತೆಂಟು ವರ್ಷ ಕಿವಿ ಮೇಲೆ ಹೂ ಇಟ್ಟಿದ್ದಾರೆ, ನಾನು ಅದನ್ನು ಮೂಸಿ ನೋಡಿಕೊಂಡು ಓಡಾಡಿದ್ದೇನೆ. ಮೊದಲ ಸಲ ಕ್ಯಾಸೆಟ್ಟು ಬಂದು ಎಲ್ಲರೂ ಕೂತು ಕೇಳಿದಾಗ ಅವನಿಗೇ ಆಶ್ಚರ್ಯವಾಗಿತ್ತು. ಇಷ್ಟು ಮೃದು, ಇಷ್ಟು ನಡುಗದ ದನಿ. "ಇದು ನಾನೇನಾ?" ಎಂದು ಕೇಳಿದ್ದ. ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು. ಬಾವ ತಲೆಗೆ ಮೊಟಕಿ, "ನೀನಲ್ದೆ ಇನ್ಯಾರೋ, ಪೆದ್ದ," ಅಂದಿದ್ದರು. ಪೆದ್ದ. ನಲ್ಲಿಯ ನೀರು ಹೋಗುತ್ತಲೇ ಇತ್ತು. ನೆನಪು ಅಲ್ಲಿಗೆ ನಿಂತಿದ್ದರೆ ಸಾಕಿತ್ತು, ಕೋಪ ಮಾಡಿಕೊಳ್ಳಲು ಅನುಕೂಲವಿತ್ತು. ನಿಲ್ಲಲಿಲ್ಲ. ಹೋದ ತಿಂಗಳು ಬಂದಿದ್ದ ಲೇಡೀಸ್ ಟೈಲರ್ ನೆನಪಿಗೆ ಬಂದಳು. ತನ್ನ ತಾಯಿ ಹಾಡುತ್ತಿದ್ದ ಒಂದು ಹಾಡನ್ನು ತಾನು ಹಾಡಿ ಇಟ್ಟುಕೊಳ್ಳಬೇಕೆಂದು ಬಂದಿದ್ದ ಐವತ್ತರ ಹೆಂಗಸು. ಹಾಡುವಾಗಲೂ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಮೇಲಿನ ಸ್ವರ ಅವಳಿಗೆ ಹತ್ತಲಿಲ್ಲ. ಅವಳು ಹೋದ ಮೇಲೆ ಅವನು ಪರಿಚಯದ ಹಾಡುಗಾರ್ತಿಯೊಬ್ಬಳಿಂದ ಆ ನಾಲ್ಕು ಸ್ವರ ಹಾಡಿಸಿ ತಂದು, ಟೈಲರಿನ ದನಿಯೊಳಗೆ ಹೊಲಿಗೆ ಕಾಣದ ಹಾಗೆ ಕೂರಿಸಿದ್ದ. ಕೇಳಿ ಅವಳು ಕಣ್ಣೊರೆಸಿಕೊಂಡಳು. "ಸಾರ್, ಇದು ನಾನೇನಾ?" "ನೀವಲ್ದೆ ಇನ್ಯಾರು," ಎಂದಿದ್ದ ಅವನು, ಉಪಕಾರ ಮಾಡಿದವನ ನಗುವಿನಲ್ಲಿ. ಈಗ ಅವಳು ಅಂಗಡಿಯಲ್ಲಿ ದಿನಾ ಅದನ್ನೇ ಹಾಕುತ್ತಾಳಂತೆ, ಆ ಸ್ವರ ಬಂದಾಗ ಹೊಲಿಗೆ ಮಷಿನ್ ನಿಲ್ಲಿಸುತ್ತಾಳಂತೆ. ಅದು ಬೇರೆ ವಿಷಯ ಎಂದು ಅವನು ನಲ್ಲಿ ನಿಲ್ಲಿಸಿದ. ಅವಳು ಹೊರಗಿನವಳು.

ಸೋಮವಾರದಿಂದ ಆಸ್ಪತ್ರೆಯಲ್ಲಿ ಗಾಜಿನ ಆಚೆ ಕೂತವರ ಮೇಲೆಲ್ಲ ಸಿಟ್ಟು ಬರತೊಡಗಿತು. "ಶಬ್ದ ಕೇಳಿದ ತಕ್ಷಣ ಬೆರಳು ಎತ್ತಿ, ನಿಂತ ತಕ್ಷಣ ಇಳಿಸಿ," ಎಂದು ದಿನಕ್ಕೆ ಮೂವತ್ತು ಸಲ ಹೇಳುವ ಮಾತು. ಕೆಲವರು ಶಬ್ದ ಕೊಡದಿದ್ದರೂ ಎತ್ತುತ್ತಾರೆ. ಕಿವುಡು ಎಂದು ಒಪ್ಪಲಾರದೆ, ಅವನ ಮುಖ ನೋಡಿ, ಅವನ ಭುಜ ಅಲ್ಲಾಡಿದ್ದು ನೋಡಿ ಅಂದಾಜಿನಲ್ಲಿ ಎತ್ತುತ್ತಾರೆ. ಮೊದಲೆಲ್ಲ ಅಯ್ಯೋ ಪಾಪ ಅನ್ನಿಸುತ್ತಿತ್ತು. ಬುಧವಾರ ಒಬ್ಬ ನಿವೃತ್ತ ಬಸ್ ಡ್ರೈವರು ಏಳು ಸಲ ಸುಳ್ಳು ಬೆರಳು ಎತ್ತಿದಾಗ ಮೈಕು ಒತ್ತಿ, "ಏನೂ ಇಲ್ಲ ಅಜ್ಜ, ನಾನು ಏನೂ ಕೊಟ್ಟೇ ಇಲ್ಲ," ಎಂದು ಒರಟಾಗಿ ಅಂದುಬಿಟ್ಟ. ಮುದುಕ ಬೆರಳು ಇಳಿಸಿ ಮಡಿಲಲ್ಲಿ ಬಚ್ಚಿಟ್ಟುಕೊಂಡ. ತಾನು ಎತ್ತಿದ್ದೂ ಹಾಗೇ ಅಲ್ಲವೇ, ಇಪ್ಪತ್ತೆಂಟು ವರ್ಷ? ಅಲ್ಲಿ ಏನೂ ಇರಲಿಲ್ಲ, ಸುತ್ತಲಿನವರ ಮುಖ ನೋಡಿ ಎತ್ತಿದ್ದು. ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಅಕ್ಕನಿಗೆ ಫೋನ್ ಮಾಡಿದ. ಹೊಸ ಸ್ಪೀಕರ್ ತಂದಿದೀನಿ, ಬಂದು ಕೇಳು ಅಂದ. ಅಕ್ಕ, "ಕೊನೆಗೂ ತಗೊಂಡ್ಯಾ ಅದನ್ನೇ," ಅಂದಳು. ಯಾವುದನ್ನು ಎಂದು ಅವನು ಹೇಳಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದಳು, ಒಬ್ಬಳೇ. ಬಾವನಿಗೆ ಮಂಡಿನೋವು ಅಂತೆ. ಅಕ್ಕ ಬಂದರೆ ಮನೆ ತುಂಬುತ್ತದೆ. ಚಪ್ಪಲಿ ಬಿಡುವ ಮೊದಲೇ ನಾದಿನಿಯ ಜೊತೆ ಜಗಳದಂಥ ಮಾತು, ನಗು, ಫ್ರಿಜ್ಜು ತೆಗೆದು ಇಷ್ಟು ದಿನದ ಪಲ್ಯ ಯಾಕೆ ಇಟ್ಟಿದೀಯ ಎಂಬ ತನಿಖೆ. ಅವತ್ತೂ ಎಲ್ಲ ಇತ್ತು, ಸ್ವಲ್ಪ ಹೆಚ್ಚೇ ಇತ್ತು. ಹಿಂದಿನ ಕೋಣೆಯ ಹೊಸ್ತಿಲು ದಾಟುವಾಗ ಮಾತ್ರ ಅವಳ ಮಾತು ನಿಂತಿತು. ಸೀಮೆಸುಣ್ಣದ ಗುರುತು ನೋಡಿದಳು, ಎರಡು ಸ್ಪೀಕರುಗಳನ್ನು ಒಂದಾದ ಮೇಲೊಂದು ನೋಡಿದಳು.

"ಇಷ್ಟೇ ಇಷ್ಟಿವೆ," ಅಂದಳು.

"ಕೂತ್ಕೊ. ಅಲ್ಲಲ್ಲ, ಮಧ್ಯದಲ್ಲಿ. ಕಣ್ಣು ಮುಚ್ಚು."

"ಏನೋ ಪೀಪಿ ಇದು, ನಿನ್ನ ಆಸ್ಪತ್ರೆ ಆಟ." ಚಿಕ್ಕಂದಿನಲ್ಲಿ ಸಣ್ಣ ದನಿಗೆ ಅವಳೇ ಇಟ್ಟ ಹೆಸರು, ಪೀಪಿ. ನಲವತ್ತೆರಡಾದರೂ ಬಿಟ್ಟಿಲ್ಲ.

"ನಮ್ಮ ಹಾಡು ಹಾಕ್ತೀನಿ. ನನ್ನ ದನಿ ಕೇಳಿಸಿದ ತಕ್ಷಣ ಬೆರಳು ಎತ್ತು. ನಿಂತ ತಕ್ಷಣ ಇಳಿಸು. ಅಷ್ಟೇ."

ಅಕ್ಕ ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಅವನು ಗೋಡೆ ನೋಡಿದ. ಕೊನೆಗೆ ಕಣ್ಣು ಮುಚ್ಚಿ, ಬಲಗೈಯನ್ನು ಮಂಡಿಯ ಮೇಲಿಟ್ಟುಕೊಂಡಳು. ಹಾಡು ಶುರುವಾಯಿತು. ಇಪ್ಪತ್ತೆರಡು ವರ್ಷದ ಅಕ್ಕ ಎರಡು ಪೆಟ್ಟಿಗೆಗಳ ನಡುವೆ, ಐವತ್ತರ ಅಕ್ಕನ ಮುಖದ ಎದುರು ನಿಂತು ಹಾಡಿದಳು. ಮೊದಲ ಚರಣ ಮುಗಿಯಿತು. ಕೊಳಲು. ಬೇಡ, ನಿಲ್ಲಿಸಿಬಿಡೋಣ, ಕೈಯಾಡಿಸಿದರೆ ಸಾಕು ಎಂದು ಅವನ ಮನಸ್ಸು ಒದ್ದಾಡಿತು. ಇಡೀ ಸಾಲು ಮುಗಿಯುವವರೆಗೆ ಅವಳು ಬೆರಳು ಎತ್ತಿ ಹಿಡಿದರೆ? ಸುಳ್ಳಾದರೂ ಸರಿ, ಹಿಡಿಯಲಿ. ಹಿಡಿದರೆ ನಂಬುತ್ತೇನೆ, ಗಡಿಯಾರವನ್ನೇ ಮರೆಯುತ್ತೇನೆ. ಎಲ್ಲ ನಿಂತಿತು. ಉಸಿರು ಬಂತು. ಅಕ್ಕನ ತೋರುಬೆರಳು ಮೇಲೆದ್ದಿತು. ಉಸಿರು ಮುಗಿಯಿತು. ಬೆರಳು ಇಳಿಯಿತು. ಸಾಲು ಹಾಡುತ್ತಾ ಹೋಯಿತು, ಬೆರಳು ಮಂಡಿಯ ಮೇಲೇ ಇತ್ತು, ಅವಳ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅವನು ಹಾಡು ನಿಲ್ಲಿಸಿದ.

"ಯಾವಾಗ ಗೊತ್ತಾಯ್ತು?"

"ಗಡಿಯಾರ ಕೇಳ್ಸುತ್ತೆ."

"ಯಾವ ಗಡಿಯಾರ?" ಅವಳಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಅವನು ಹೇಳಿದ. ಕೇಳುತ್ತಾ ಕೇಳುತ್ತಾ ಅವಳ ಬಾಯಿ ಸ್ವಲ್ಪ ತೆರೆಯಿತು, ಒಂದು ನಗುವಿನಂಥದ್ದು ಬಂದು ಹೋಯಿತು. "ಅಯ್ಯೋ ರಾಮ. ಅದನ್ನ ನೀನಲ್ವಾ ತೆಗೀತಿದ್ದಿದ್ದು."

"ಯಾಕಕ್ಕ?"

"ನಿನ್ನ ಗಂಟಲು ಅವತ್ತೇ ಒಡೆದಿತ್ತು ಕಣೋ. ಹನ್ನೊಂದು ಸಲ ಹಾಡಿದೆ. ಪ್ರತಿ ಸಲ ಕೊನೇಲಿ ಚಿರ್ ಅಂತ ಹೋಗೋದು. ನಿನಗೆ ಗೊತ್ತಾಗ್ತಾ ಇರಲಿಲ್ಲ, ಮುಖ ನೋಡಿದ್ರೆ ಅಷ್ಟು ಖುಷಿ. ಇವರು ನನ್ನ ಮುಖ ನೋಡಿದ್ರು. ನಾನು ಅಮ್ಮನ್ನ ನೋಡಿದೆ. ಚೆನ್ನಾಗಿದೆ ಅಂತ ಹೇಳಿ ಕಳಿಸಿ ಅಂದ್ಲು ಅಮ್ಮ. ಹುಡುಗನ ಮನಸ್ಸು ಮುರೀಬೇಡಿ, ಅವನು ಸ್ಕೂಲಿಗೆ ಹೋದಾಗ ನೀನೇ ಸಣ್ಣ ದನೀಲಿ ಹಾಡಿಬಿಡು ಅಂದ್ಲು."

"ಅಮ್ಮನಾ?"

"ಅಮ್ಮನೇ."

ಹೊರಗೆ ಹೆಂಡತಿ ಕುಕ್ಕರ್ ಇಟ್ಟ ಸದ್ದು. ಇನ್ನೊಂದು ಲೋಟ ಟೀ ಹಾಕ್ಲಾ, ಸಕ್ಕರೆ ಸಾಕಾ. ಅಮ್ಮ ಒಂದು ಸಲವೂ ಸುಳ್ಳು ಹೇಳಿರಲಿಲ್ಲ. ಈಗ ಕೇಳಿ ಎಂದದ್ದು ಉಸಿರಿಗೆ. ಅದರ ಮುಂದಿನದನ್ನು ತನ್ನ ಮಗನ ಹೆಸರಿನಲ್ಲಿ ಕೇಳಲು ಅವಳಿಗೇ ಆಗುತ್ತಿರಲಿಲ್ಲ. ಅವನು ಬಂದವರ ಎದುರು ಅವಳ ಮೇಲೆ ರೇಗುತ್ತಿದ್ದ, ಅವಳು ರೇಗಿಸಿಕೊಳ್ಳುತ್ತಿದ್ದಳು, ಎಲ್ಲ ಗೊತ್ತಿದ್ದೂ.

"ನಾನು ಹಾಡಿದ ಟೇಪು?" ಕೊನೆಗೆ ಕೇಳಿದ. ಅದೊಂದೇ ಈಗ ಬೇಕಾದದ್ದು. ಒಡೆದ ಗಂಟಲಾದರೂ ಸರಿ, ಚಿರ್ ಎಂದರೂ ಸರಿ. "ಅದು ಎಲ್ಲಿದೆ?"

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅದರ ಮೇಲೇ ಹಾಡಿದ್ದು ನಾನು. ಬೇರೆ ಜಾಗ ಇರಲಿಲ್ಲ ಟೇಪಲ್ಲಿ. ನಿನ್ನ ಉಸಿರು ಮಾತ್ರ ಉಳಿಸಿಕೊಂಡ್ವಿ. ಬೇಕಂತ್ಲೇ ಕಣೋ, ನಿಂದೂ ಒಂದು ಇರ್ಲಿ ಅಂತ."

ಅವನು ಆ ಜಾಗವನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಕೊಂಡ. ಉಸಿರಿನ ಕೊನೆ ಕತ್ತರಿಸಿದ ಹಾಗಿದೆ, ಪೂರ್ತಿ ಮುಗಿಯುವ ಮುಂಚೆಯೇ ದನಿ ನುಗ್ಗಿದೆ. ಇದು ಉಳಿಸಿದ್ದಲ್ಲ, ಬಾವನ ಬೆರಳು ಬಟನ್ ಒತ್ತುವುದು ಅರೆಕ್ಷಣ ತಡವಾದದ್ದು. ಬಾವನ ಬೆರಳು ಯಾವಾಗಲೂ ತಡ. ಕೊಳಲಿನ ಮೊದಲ ಸ್ವರವೂ ಹೀಗೇ ಅರ್ಧ ಹೋಗಿದೆ. ಇದನ್ನು ಅಕ್ಕನಿಗೆ ಹೇಳಿದರೆ ಅವಳು ಪೂರ್ತಿ ಕುಸಿಯುತ್ತಾಳೆ. ಅಥವಾ ಅವಳಿಗೆ ಗೊತ್ತೇ ಇರಬಹುದು. ಇಬ್ಬರೂ ನಂಬಬಹುದಾದ ಒಂದು ಸುಳ್ಳನ್ನು ದಾರಿಯುದ್ದಕ್ಕೂ ಹೆಣೆದು ತಂದಿರಬಹುದು.

"ನೀನು ಆ ಸ್ಪೀಕರ್ ತಗೋತೀನಿ ಅಂದಾಗಿಂದ ಇವರಿಗೆ ಊಟ ಸೇರ್ತಿಲ್ಲ. ಮಂಡಿನೋವು ಅಂತ ಏನೂ ಇಲ್ಲ, ನಿನ್ನ ಮುಖ ನೋಡಕ್ಕಾಗಲ್ಲ ಅಂತ ಕೂತಿದಾರೆ." ಅಕ್ಕ ಅವನ ಮೊಣಕೈ ಹಿಡಿದಳು. "ನೀನೂ ಇದೇ ಕೆಲಸ ಮಾಡ್ತೀಯಲ್ಲ ಪೀಪಿ. ಯಾರಿಗೂ ಹೀಗೆ ಮಾಡಿಲ್ವಾ ನೀನು? ಒಂದು ಸಲಾನೂ?"

"ಇಲ್ಲ," ಅಂದ ಅವನು, ತಕ್ಷಣ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಇತ್ತು ಆ ಅವಸರ. ಅಕ್ಕ ನಂಬಿದಳು. ಅವಳು ನಂಬಿದ್ದು ನೋಡಿ ಅವನಿಗೆ ಒಳಗೊಳಗೇ ಒಂದು ಕೆಟ್ಟ ತೃಪ್ತಿಯಾಯಿತು, ಅದರ ಬೆನ್ನಿಗೇ ಅಸಹ್ಯವಾಯಿತು.

ಅವಳು ಊಟಕ್ಕೆ ನಿಲ್ಲಲಿಲ್ಲ. ಗೇಟಿನವರೆಗೂ ಹೋಗಿ ಬಂದ. ವಾಪಸು ಬಂದಾಗ ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಹಿಂದಿನ ಕೋಣೆಯಲ್ಲಿ ಆ ಕುರ್ಚಿಯ ಮೇಲೆ ಕೂತಿದ್ದಳು. ಕಾಲ ಕೆಳಗೆ ಸೀಮೆಸುಣ್ಣ ಅಳಿಸಿಹೋಗಿತ್ತು. "ಅಕ್ಕ ತಮ್ಮ ಬಾಗಿಲು ಹಾಕ್ಕೊಂಡು ಅತ್ತಿದ್ದೇ ಅತ್ತಿದ್ದು. ಅಮ್ಮನ ನೆನಪಾಯ್ತಾ?" ಅವನು ಹೂಂ ಅಂದ. "ನಿಮ್ಮ ಹಾಡೇ ತಾನೆ ಹಾಕಿದ್ದು? ಊರಿಗೆಲ್ಲ ಕೇಳಿಸ್ತೀರ, ಅಷ್ಟು ಕೊಟ್ಟು ತಂದ ಸ್ಪೀಕರಲ್ಲಿ ಕಟ್ಕೊಂಡವಳಿಗೆ ಒಂದು ಸಲ ಕೇಳಿಸಿಲ್ಲ. ಹಾಕಿ. ನನ್ನ ಸಾಲು ಕೇಳ್ಬೇಕು." ನನ್ನ ಸಾಲು ಎನ್ನುತ್ತಿದ್ದಳು ಅದನ್ನು, ಮದುವೆಯಾದಾಗಿನಿಂದ.

ಈಗ ಹೇಳಿಬಿಡಬೇಕು ಎಂದುಕೊಂಡ. ಒಂದು ಮಾತು ಸಾಕು. ನೀನು ಒಪ್ಪಿದ್ದು ನನ್ನನ್ನಲ್ಲ ಕಣೇ, ಅಕ್ಕನನ್ನ. ತಮಾಷೆ ಮಾಡಿ ಹೇಳಬಹುದು, ಅವಳೂ ನಕ್ಕುಬಿಡಬಹುದು. ಅವಳು ಕಣ್ಣು ಮುಚ್ಚಿ, ಹೇಳದೆಯೇ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತಿದ್ದಳು, ಗಾಜಿನ ಗೂಡಿನಲ್ಲಿ ಕೂತವರ ಹಾಗೆ, ಕೊಟ್ಟದ್ದನ್ನು ಕೇಳಲು ಸಿದ್ಧವಾಗಿ. ಅವನ ಕೈ ಹಾಡು ಹಾಕಿತು. ಮೊದಲ ಚರಣ. ಕೊಳಲು, ಅರ್ಧ ಕತ್ತರಿಸಿದ ಮೊದಲ ಸ್ವರ. ಎಲ್ಲ ನಿಂತಿತು.

"ಶ್! ಈಗ," ಅಂದ ಅವನು. "ಈಗ ಕೇಳು. ನಾನು."

ಉಸಿರು ಬಂತು. ಹದಿನಾಲ್ಕು ವರ್ಷದ ಹುಡುಗ ಎದೆ ತುಂಬ ಎಳೆದುಕೊಂಡದ್ದು, ಮುಂದೆ ತಾನು ಹಾಡಲಿದ್ದೇನೆ ಎಂದು ಸಂಪೂರ್ಣ ನಂಬಿ. ಟಿಕ್ ಎಂದಿತು. ಸಾಲು ಶುರುವಾಯಿತು.

"ಟೀ ಮಾಡ್ಲಾ?" ಅವನ ದನಿ ಜೋರಾಗಿತ್ತು. "ಊಟಕ್ಕೆ ಇನ್ನೂ ಹೊತ್ತಿದೆ ಅಲ್ವಾ? ಸಕ್ಕರೆ ಎಷ್ಟು ಹಾಕ್ಲಿ?"

"ಸುಮ್ನಿರ್ರೀ," ಎಂದಳು ಹೆಂಡತಿ, ಕಣ್ಣು ಬಿಡದೆ. "ಕೇಳೋಕೆ ಬಿಡಿ."

ಅವನು ಸುಮ್ಮನಾದ.